ನೆರಳು ತರಗತಿಯ ಹಾಜರಿ

ನಾಳೆ ಮಾಡಬೇಕಾದ ಪಾಠವನ್ನು, ನಾಳೆ ಕೂರುವ ಅದೇ ಮಕ್ಕಳಿಗೆ, ಇವತ್ತೇ ಒಮ್ಮೆ ಮಾಡಿ ನೋಡುವಂತಿದ್ದರೆ?

ಅಡುಗೆಯವನಿಗೆ ಬಡಿಸುವ ಮೊದಲು ಉಪ್ಪು ನೋಡುವ ಅವಕಾಶವಿದೆ. ನಾಟಕದವರಿಗೆ ತಾಲೀಮಿದೆ. ದರ್ಜಿ ಕೂಡ ಕಚ್ಚಾ ಹೊಲಿಗೆ ಹಾಕಿ ಗಿರಾಕಿಯ ಹೆಗಲಿಗೆ ಹಿಡಿದು ನೋಡುತ್ತಾನೆ. ಶಾಲೆಯ ಮಾಸ್ತರರಿಗೆ ಮಾತ್ರ ದಿನಾಲೂ ಮೊದಲ ಪ್ರದರ್ಶನ, ದಿನಾಲೂ ತುಂಬಿದ ಸಭೆ, ಎದ್ದು ಹೋಗಲು ಹಕ್ಕಿಲ್ಲದ ಪ್ರೇಕ್ಷಕರು. ಬರೆದುಕೊಂಡು ಹೋದ ಪಾಠಯೋಜನೆಗೂ ತರಗತಿಯಲ್ಲಿ ಆಗುವ ಪಾಠಕ್ಕೂ ನಡುವೆ ಒಂದು ಯೋಜನ ದೂರ ಇದ್ದೇ ಇರುತ್ತದೆ ಎಂದು ಕಸ್ತೂರಿ ಬನ್ನಿಗೋಳ ಅವರು ಇಪ್ಪತ್ತು ವರ್ಷಗಳಿಂದ ಹೇಳುತ್ತ ಬಂದಿದ್ದರು. ಕೊಪ್ಪಳ ಸೀಮೆಯ ಕರಡಿಹಾಳದ ಸರಕಾರಿ ಪ್ರೌಢಶಾಲೆಯಲ್ಲಿ ಅವರು ಗಣಿತ ಕಲಿಸುತ್ತಿದ್ದರು. ಆ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಮಕ್ಕಳಿಗೆ, ಮಕ್ಕಳ ಅಪ್ಪಂದಿರಿಗೆ, ಕೊನೆಗೆ ಹೆಡ್‌ಮಾಸ್ತರ ಅಯ್ಯನಗೌಡರಿಗೂ ಅವರು ಅಕ್ಕೋರೇ.

ಆ ಒಂದು ಯೋಜನ ದೂರವನ್ನು ಒಂದು ಗೇಣಿಗೆ ಇಳಿಸುತ್ತೇವೆ ಎಂದು ಧಾರವಾಡದ ಒಂದು ಶೋಧನಾ ಕೇಂದ್ರದವರು ಆ ವರ್ಷ ಶಾಲೆ ತೆರೆದ ಹೊಸದರಲ್ಲಿ ಒಂದು ಯಂತ್ರವನ್ನು ತಂದು ಕೂರಿಸಿದರು. ಕಾಗದದಲ್ಲಿ ಅದರ ಹೆಸರು ‘ಪೂರ್ವತರಗತಿ’. ಹತ್ತನೆಯ ಇಯತ್ತೆಯ ತರಗತಿಕೋಣೆಯ ಗೋಡೆಗಳಿಗೆ ಬಟನ್ನಿನಷ್ಟು ಸಣ್ಣ ಕಿವಿಗಳು, ಮೂಲೆಗೊಂದರಂತೆ ಕಣ್ಣು. ಶಿಕ್ಷಕರ ಕೋಣೆಯಲ್ಲಿ ಗೋಡೆಯಗಲದ ಪರದೆ. ಪಾಲಕರ ಒಪ್ಪಿಗೆ ಪಡೆದು, ಯಂತ್ರ ಒಂದು ತಿಂಗಳು ಸುಮ್ಮನೆ ಕೇಳಿಸಿಕೊಂಡಿತು. ಯಾವ ಮಗು ಯಾವ ಪ್ರಶ್ನೆಗೆ ಎಷ್ಟು ತಡವರಿಸುತ್ತದೆ, ಪಕ್ಕದವರ ಕಿವಿಯಲ್ಲಿ ಏನು ಪಿಸುಗುಡುತ್ತದೆ, ಎಲ್ಲಿ ಆಕಳಿಸುತ್ತದೆ, ಎಲ್ಲವನ್ನೂ ಹೆಕ್ಕಿ ಪ್ರತಿ ಮಗುವಿಗೂ ಒಂದು ನೆರಳನ್ನು ಕಟ್ಟಿತು. ಅದರ ಗುಟ್ಟು ಇಷ್ಟೇ: ಇಂಥ ಮಾತು ಕೇಳಿದಾಗ ಈ ಮಗುವಿನ ಬಾಯಿಂದ ಮುಂದೆ ಯಾವ ಮಾತು ಬಂದೀತು ಎಂಬುದನ್ನು ಅದು ಲೆಕ್ಕ ಹಾಕುತ್ತಿತ್ತು. ಸಂಜೆ ಮಕ್ಕಳು ಮನೆಗೆ ಹೋದ ಮೇಲೆ ಶಿಕ್ಷಕರು ಪರದೆಯ ಮುಂದೆ ನಿಂತು ನಾಳೆಯ ಪಾಠ ಮಾಡಿದರೆ ಮೂವತ್ತೆಂಟು ನೆರಳುಗಳು ಕೂತು ಕೇಳುತ್ತಿದ್ದವು. ಕೇಳುತ್ತ ಕೇಳುತ್ತ ಸಂದೇಹವನ್ನೂ ಕೇಳುತ್ತಿದ್ದವು.

ಮೊದಲ ದಿನ ಅಕ್ಕೋರು ಪರದೆಯ ಮುಂದೆ ಬಾಯಿ ತೆರೆದವರು ಮುಚ್ಚಲು ಮರೆತರು. ಮೌನೇಶ ಎಂಬ ಹುಡುಗನಿದ್ದ. ಹೆಸರಿನಲ್ಲಷ್ಟೇ ಮೌನ, ಉಳಿದದ್ದೆಲ್ಲ ಬಾಯಿ. ಉತ್ತರ ಗೊತ್ತಿಲ್ಲದಾಗ ‘ಅಂದ್ರ... ಅದೂ... ಅಂದ್ರ’ ಎಂದು ಎಂಜಿನ್ ಹತ್ತದ ಟ್ರ್ಯಾಕ್ಟರಿನಂತೆ ಕೆಮ್ಮುವುದು ಅವನ ರೂಢಿ. ಅವನ ನೆರಳೂ ಹಾಗೆಯೇ ಕೆಮ್ಮಿತು. ಹಿಂದಿನ ಸಾಲಿನ ಒಂದು ನೆರಳು ಕೈಯೆತ್ತಿ, ನೀರು ಕುಡಿದು ಬರುತ್ತೇನ್ರಿ ಎಂದಿತು. ಅಕ್ಕೋರು ರೂಢಿಯಂತೆ ಲಗೂನೆ ಬಾ ಎಂದುಬಿಟ್ಟರು. ಅದು ಎದ್ದು ಹೋಯಿತು. ಹದಿನೈದು ನಿಮಿಷ ಬರಲಿಲ್ಲ. ನಿಜದ ಹುಡುಗನೂ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತಿದ್ದ.

ಅಣಕು ಎಷ್ಟು ಚೆಂದವೋ ಉಪಯೋಗವೂ ಅಷ್ಟೇ ಇತ್ತು ಎನ್ನುವುದನ್ನು ಒಪ್ಪಬೇಕು. ತ್ರಿಕೋನಮಿತಿಯ ಪಾಠವನ್ನು ಅಕ್ಕೋರು ಯಾವಾಗಲೂ ಗ್ರೀಕ್ ಅಕ್ಷರದಿಂದ ಶುರುಮಾಡುತ್ತಿದ್ದರು. ನೆರಳುಗಳಲ್ಲಿ ಅರ್ಧದಷ್ಟು ಆ ಅಕ್ಷರವನ್ನೇ ನೋಡುತ್ತ ಕಲ್ಲಾದವು. ಯಂತ್ರ ಊರಿನ ನೀರಿನ ಟ್ಯಾಂಕಿಗೆ ಆನಿಸಿದ ಏಣಿಯ ಚಿತ್ರವನ್ನು ಮುಂದೊಡ್ಡಿ, ಮೊದಲು ಏಣಿ, ಆಮೇಲೆ ಅಕ್ಷರ ಎಂದು ಸೂಚಿಸಿತು. ಮರುದಿನ ತರಗತಿ ಏಣಿ ಹತ್ತಿತು. ಇಪ್ಪತ್ತು ವರ್ಷ ಇದು ತನಗೆ ಹೊಳೆಯದೇ ಹೋಯಿತಲ್ಲ ಎಂದು ಅಕ್ಕೋರು ಮನೆಯಲ್ಲಿ ಗಂಡ ಪ್ರಭುಲಿಂಗನ ಮುಂದೆ ಪೇಚಾಡಿಕೊಂಡರು. ಕಿರಾಣಿ ಅಂಗಡಿಯ ಪ್ರಭುಲಿಂಗ ಇಡೀ ಕತೆಗೆ ಹ್ಞೂಂಗುಟ್ಟಿ ಕೊನೆಗೆ, ಆ ಯಂತ್ರಕ್ಕೆ ತನ್ನ ಗಿರಾಕಿಗಳ ನೆರಳನ್ನೂ ಮಾಡಲು ಬರುತ್ತದೇನು ಎಂದು ವಿಚಾರಿಸಿದ.

ಆದರೆ ಅಕ್ಕೋರಿಗೆ ಇದು ಚೆಂದ ನೋಡುವ ವರ್ಷವಾಗಿರಲಿಲ್ಲ. ಮೂರು ವರ್ಷಗಳಿಂದ ಶಾಲೆಯ ಗಣಿತದ ಫಲಿತಾಂಶದಲ್ಲಿ ಫಲವೂ ಇರಲಿಲ್ಲ, ಅಂಶವೂ ಇರಲಿಲ್ಲ. ಸಂಕ್ರಾಂತಿಯ ನಂತರ ಒಂದು ಸಮಿತಿ ಬರುವುದಿತ್ತು. ಮಕ್ಕಳಿಗೆ ಗಣಿತ ಬರುತ್ತಿಲ್ಲವೆಂದು ಅದಕ್ಕೆ ಕಂಡರೆ ಒಂಬತ್ತು ಮತ್ತು ಹತ್ತನೆಯ ಇಯತ್ತೆಗಳನ್ನು ತಾಲೂಕು ಊರಿನ ಶಾಲೆಯಲ್ಲಿ ವಿಲೀನ ಮಾಡುವುದು. ವಿಲೀನ ಎನ್ನುವ ಶಬ್ದ ಕಿವಿಗೆ ಹಿತ. ಅದರ ಅರ್ಥ, ದಿನಾಲೂ ಬೆಳಿಗ್ಗೆ ಬಸ್ಸು. ಬಸ್ಸಾದರೆ ಹುಡುಗಿಯರನ್ನು ಕಳಿಸುವುದಿಲ್ಲ ಎಂದು ಊರಿನ ಮನೆಮನೆಯಲ್ಲೂ ಆಗಲೇ ತೀರ್ಮಾನವಾಗಿಬಿಟ್ಟಿತ್ತು. ತರಗತಿಯ ಅರ್ಧಕ್ಕೂ ಮಿಕ್ಕಿ ಹುಡುಗಿಯರೇ.

ಅಕ್ಕೋರಿಗೆ ಬಗೆಹರಿಯದ ಒಗಟು ಒಂದಿತ್ತು. ತರಗತಿಯಲ್ಲಿ ಈ ಮಕ್ಕಳಿಗೆ ಬಾರದ್ದೇ ಇರಲಿಲ್ಲ. ಎಲ್ಲ ಶಿಕ್ಷಕರ ಹಾಗೆ ಅವರೂ ಅರ್ಧ ವಾಕ್ಯ ಹೇಳಿ ಬಾಲವನ್ನು ಮಕ್ಕಳಿಗೆ ಬಿಡುತ್ತಿದ್ದರು. ತ್ರಿಕೋನದ ಮೂರೂ ಕೋನಗಳ ಮೊತ್ತ ನೂರಾ...? ‘ಎಂಬತ್ತ್ರೀ’ ಎಂದು ಇಡೀ ತರಗತಿ ಹೆಂಚು ಹಾರುವ ಹಾಗೆ ಮುಗಿಸುತ್ತಿತ್ತು. ತಿಳೀತೇನು ಎಂದರೆ ‘ತಿಳೀತ್ರೀ’. ನೆರಳು ತರಗತಿಯೂ ಅದೇ ಸ್ವರ, ಅದೇ ರಾಗ. ಏಣಿಯ ನಂತರವಂತೂ ಯಾವ ಪಾಠ ಮಾಡಿದರೂ ನೆರಳುಗಳು ಮೇಲಿಂದ ಮೇಲೆ ಸರಿಯುತ್ತರ ಕೊಟ್ಟವು. ನೂರಕ್ಕೆ ತೊಂಬತ್ತು ಮಕ್ಕಳು ಪಾಸು ಎಂದು ಯಂತ್ರ ಭವಿಷ್ಯ ನುಡಿಯಿತು. ಅರ್ಧವಾರ್ಷಿಕ ಪರೀಕ್ಷೆ ಬಂತು; ಮೂವತ್ತೆಂಟರಲ್ಲಿ ಹನ್ನೊಂದು ಮಂದಿ ದಡ ಸೇರಿದರು.

ಧಾರವಾಡದ ಕೇಂದ್ರದಲ್ಲಿ ಈ ಯಂತ್ರದ ಹೊಣೆ ಹೊತ್ತವಳು ಮುಬೀನಾ ನದಾಫ ಎಂಬ ಎಂಜಿನಿಯರು. ಹತ್ತಿಯಿಂದ ಗಾದಿ ತುಂಬುವವರ ಮನೆತನ. ತಾನೂ ಅದನ್ನೇ ಮಾಡುತ್ತಿದ್ದೇನೆ, ಹತ್ತಿಯ ಬದಲು ಮಾತು ತುಂಬುತ್ತೇನೆ ಎನ್ನುತ್ತಿದ್ದಳು. ಫಲಿತಾಂಶ ನೋಡಿ ಅವಳು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ತರಗತಿಯಲ್ಲಿ ಯಾವ ಮಗು ಏನು ಹೇಳೀತು ಎಂದು ಯಂತ್ರ ನುಡಿದಿತ್ತೋ ಆ ಮಗು ಅದನ್ನೇ ಹೇಳಿತ್ತು. ಪರೀಕ್ಷೆಯ ಕೋಣೆಗೆ ಕಾಲಿಟ್ಟ ಕೂಡಲೇ ಅದೇ ಮಗು ಬೇರೆಯೇ ಮಗುವಾಗುತ್ತಿತ್ತು.

ಗುಟ್ಟು ಬಿಚ್ಚಿಕೊಂಡದ್ದು ದಸರೆ ರಜೆಯ ನಂತರದ ಒಂದು ಸಂಜೆ, ಅದೂ ಹಾಜರಿಯಿಂದ. ಪಾಠಕ್ಕೆ ಮುನ್ನ ಹಾಜರಿ ಕರೆಯದಿದ್ದರೆ ಅಕ್ಕೋರ ನಾಲಿಗೆ ಹೊರಳುತ್ತಿರಲಿಲ್ಲ. ಹಾಗಾಗಿ ನೆರಳುಗಳ ಹಾಜರಿಯನ್ನೂ ಕರೆಯುತ್ತಿದ್ದರು. ನೆರಳಿಗೆಂಥ ಗೈರುಹಾಜರಿ ಎಂದು ಅಯ್ಯನಗೌಡರು ನಗಾಡಿದರೂ ಬಿಟ್ಟಿರಲಿಲ್ಲ. ಆ ದಿನ ಹುಲಿಗೆಮ್ಮ ಎಂಬ ಹುಡುಗಿ ಮನೆಮಂದಿಯ ಜೊತೆ ಹುಣ್ಣಿಮೆಗೆ ದೇವರಿಗೆ ಹೋಗಿದ್ದಳು, ಮರುದಿನವೂ ಬರುವವಳಲ್ಲ. ಮೂರನೆಯ ಸಾಲಿನ ಗೋಡೆಯಂಚಿನಲ್ಲಿ ಕೂರುವ, ಕೇಳಿದರೆ ತಲೆ ತಗ್ಗಿಸುವ ಹುಡುಗಿ. ನಾಳೆ ಇಲ್ಲದವಳು ಇವತ್ತಿನ ತಾಲೀಮಿನಲ್ಲೇಕೆ ಎಂದು ಅಕ್ಕೋರು ಅವಳ ನೆರಳಿಗೂ ಗೈರು ಹಾಕಿದರು. ಪರದೆಯ ಮೇಲೆ ಆ ಜಾಗ ಖಾಲಿಯಾಯಿತು. ಅಕ್ಕೋರು ಪಾಠ ಶುರುಮಾಡಿದರು. ವೃತ್ತದ ಸ್ಪರ್ಶಕವು ತ್ರಿಜ್ಯಕ್ಕೆ ಲಂ...?

ಯಾರೂ ಮಾತಾಡಲಿಲ್ಲ.

ಮತ್ತೊಮ್ಮೆ ಕೇಳಿದರು. ಮೂವತ್ತೇಳು ನೆರಳುಗಳು ಬಸ್ಸು ತಪ್ಪಿದವರ ಹಾಗೆ ಒಂದರ ಮುಖ ಒಂದು ನೋಡಿದವು. ಯಂತ್ರ ಕೆಟ್ಟಿದೆಯೆಂದು ಅಕ್ಕೋರು ಮುಬೀನಾಳಿಗೆ ಫೋನು ಮಾಡಿದರು. ಕೆಟ್ಟಿರಲಿಲ್ಲ. ಹುಲಿಗೆಮ್ಮನ ನೆರಳನ್ನು ಮತ್ತೆ ಒಳಗೆ ಕರೆದು, ತರಗತಿಗೆ ಮೊದಲಿಗನಾದ ಪಟ್ಟಣಶೆಟ್ಟಿ ಹುಡುಗನಿಗೆ ಗೈರು ಹಾಕಿ ನೋಡಿರಿ ಎಂದಳು ಮುಬೀನಾ. ಹಾಕಿದರು; ಉಳಿದವರು ‘ಲಂಬರೀ’ ಎಂದು ಕೂಗಿದರು. ಒಬ್ಬೊಬ್ಬರನ್ನೇ ಹೊರಗೆ ಕಳಿಸುತ್ತ ಹೋದರೂ ತರಗತಿ ಕೂಗುತ್ತಲೇ ಇತ್ತು. ಹುಲಿಗೆಮ್ಮನನ್ನು ಹೊರಗೆ ಹಾಕಿದ ಕೂಡಲೇ ಮತ್ತೆ ಮೂಕ. ಆಗ ಅಕ್ಕೋರಿಗೆ ಬೆಳಗಿನ ನಿಜದ ತರಗತಿ ನೆನಪಾಯಿತು. ಅದೂ ಸಪ್ಪಗಿತ್ತು, ರಜೆಯ ಜಡ ಎಂದುಕೊಂಡಿದ್ದರು.

ಮುಬೀನಾ ಧಾರವಾಡದ ತನ್ನ ಕೋಣೆಯಲ್ಲಿ ಇಡೀ ಮೂರು ತಿಂಗಳ ಸದ್ದನ್ನು ಎಳೆ ಎಳೆಯಾಗಿ ಬಿಡಿಸಿ, ಹತ್ತಿ ಹಿಂಜಿದ ಹಾಗೆ ಹರವಿ ನೋಡಿದಳು. ಪ್ರತಿ ಸಲವೂ ಒಂದು ಎಳೆ ಉಳಿದವುಗಳಿಗಿಂತ ಕೂದಲೆಳೆಯಷ್ಟು ಮುಂದಿತ್ತು. ಅದು ಹುಲಿಗೆಮ್ಮನ ದನಿ, ತುಟಿಯಂಚಿನಲ್ಲೇ ಉಸುರಿದ್ದು. ಅದನ್ನು ಪಕ್ಕದವಳು ಹಿಡಿಯುತ್ತಿದ್ದಳು, ಅವಳಿಂದ ಮುಂದಿನ ಸಾಲು, ಅಲ್ಲಿಂದ ಇಡೀ ಕೋಣೆ. ಯಾರಿಗೂ ಗೊತ್ತಾಗದಷ್ಟು ಬೇಗ, ಹಿಡಿಯುತ್ತಿರುವವರಿಗೂ ಗೊತ್ತಾಗದಷ್ಟು ಸಲೀಸಾಗಿ.

‘ಅಕ್ಕಾರ, ನಾವು ಮೂವತ್ತೆಂಟು ಮಕ್ಕಳನ್ನ ಕಟ್ಟೇವಿ ಅಂತ ತಿಳಕೊಂಡಿದ್ವಿ,’ ಎಂದಳು ಮುಬೀನಾ ಪರದೆಯ ಮೇಲೆ, ಕಣ್ಣು ಕೆಂಪಾಗಿದ್ದವು. ‘ಒಬ್ಬಾಕಿನ್ನ ಕಟ್ಟೇವ್ರಿ. ಉಳಿದಾವೆಲ್ಲಾ ಆಕೀ ಮಾರ್ದನಿ.’

ಹಿಮ್ಮೇಳವನ್ನೇ ಮೇಳವೆಂದು ಎಣಿಸುತ್ತ ಇಪ್ಪತ್ತು ವರ್ಷ ಪಾಠ ಮಾಡಿದೆನೇ ಎಂದುಕೊಳ್ಳುತ್ತ ಅಕ್ಕೋರು ಮನೆಗೆ ಬಂದರು. ಅಂದು ಸೋಮವಾರ, ನಡುಮನೆಯಲ್ಲಿ ಅತ್ತೆ ಅಂಬವ್ವನ ಭಜನೆ ಮೇಳ ಕೂತಿತ್ತು. ಅಂಬವ್ವ ಒಂದು ಸಾಲು ಹೇಳುವುದು, ಉಳಿದವರು ಅದನ್ನೇ ಹೇಳುವುದು. ಪ್ರಭುಲಿಂಗ ತಾಳ ಹಾಕುತ್ತಿದ್ದ. ಅಕ್ಕೋರು ಬಾಗಿಲಿಗೆ ಒರಗಿ ನಿಂತು ಮೊದಲ ಸಲ ಹಾಡು ಬಿಟ್ಟು ತುಟಿಗಳನ್ನು ನೋಡಿದರು. ಮೂಲೆಯ ಗೌರವ್ವ ಎಷ್ಟು ತನ್ಮಯಳಾಗಿ ಹೇಳುತ್ತಿದ್ದಳೆಂದರೆ ಕಣ್ಣು ಮುಚ್ಚಿದ್ದವು. ಮೇಳ ಮುಗಿದ ಮೇಲೆ, ನಿನಗೆ ಎಷ್ಟು ಭಜನೆಪದ ಬರುತ್ತವೆ ಎಂದು ಮಾತಿನ ನಡುವೆ ಕೇಳಿದರೆ ಅವಳಿಗೆ ಸಂಕೋಚವೇ ಆಗಲಿಲ್ಲ. ಒಂದೂ ಬರುವುದಿಲ್ಲವಂತೆ. ಅಂಬವ್ವ ಮುಂದೆ ಹೇಳಲು ಇರುವಾಗ ತನಗೇಕೆ ಬರಬೇಕು? ಗೊತ್ತಿದ್ದರೂ ಒಬ್ಬಳೇ ಗಂಟಲೆತ್ತಿದರೆ ಊರು ಏನಂದೀತು, ದಿಮಾಕು ಎನ್ನುವುದಿಲ್ಲವೇ?

ಅಕ್ಕೋರಿಗೆ ಮಕ್ಕಳ ಮೇಲಿದ್ದ ಸಿಟ್ಟು ಅಲ್ಲಿಗೇ ಇಳಿಯಿತು. ಇದು ಕಳ್ಳತನವಲ್ಲ, ಸೋಮಾರಿತನವೂ ಅಲ್ಲ. ಊರು ಹೇಳಿಕೊಟ್ಟ ಮರ್ಯಾದೆ. ಮರ್ಯಾದೆಯನ್ನು ಬಯ್ದು ಬಿಡಿಸುವುದು ಹೇಗೆ?

ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿ ನೋಡಿದರು. ಎದ್ದವರು ನೆಲ ನೋಡಿದರು. ತಿಳಿದಿದೆಯೇ ಎಂದರೆ ತಿಳಿದೈತ್ರಿ ಎಂದರು. ಹೇಳು ಎಂದರೆ ಮತ್ತೆ ನೆಲ. ಮುಬೀನಾ ನೆರಳುಗಳನ್ನು ಹುಲಿಗೆಮ್ಮನ ಮಾರ್ದನಿಯಿಂದ ಕತ್ತರಿಸಿ ಬೇರೆ ಮಾಡಿದಳು. ಬೇರೆ ಮಾಡಿದ ನೆರಳುಗಳಲ್ಲಿ ಮಾತೇ ಇರಲಿಲ್ಲ. ಮಗು ಒಂಟಿಯಾಗಿ ಎಂದೂ ತಪ್ಪು ಮಾಡಿ ತೋರಿಸದಿದ್ದರೆ ತಪ್ಪನ್ನು ಊಹಿಸಲು ಯಂತ್ರವಾದರೂ ಯಾವ ಹತ್ತಿಯಿಂದ ಗಾದಿ ತುಂಬೀತು? ಸಮಿತಿ ಬರಲು ಎರಡೂವರೆ ತಿಂಗಳಿತ್ತು. ಅಯ್ಯನಗೌಡರು, ಹುಲಿಗೆಮ್ಮನೊಬ್ಬಳು ಚೆನ್ನಾಗಿ ತಯಾರಾದರೆ ಸಾಕಲ್ಲ, ಸಾಹೇಬರು ಬಂದ ದಿನ ಕೂಗು ಸರಿಯಾಗಿ ಬರುತ್ತದೆ ಎಂದು ಮೆಲ್ಲಗೆ ಹೇಳಿ ನೋಡಿದರು. ಅಕ್ಕೋರು ಆ ಮಾತನ್ನು ಕೇಳಿಸಿಕೊಂಡೂ ಕೇಳದವರಂತೆ ಎದ್ದು ಹೋದರು. ಕೂಗಿನಿಂದ ಇಯತ್ತೆ ಉಳಿದೀತು, ಮಾರ್ಚಿನ ಪರೀಕ್ಷೆಯಲ್ಲಿ ಮಕ್ಕಳು ಮುಳುಗುತ್ತಾರೆ, ಬರುವ ವರ್ಷ ಇಯತ್ತೆಯೂ ಮುಳುಗುತ್ತದೆ.

ದಾರಿ ತೋರಿಸಿದ್ದು ಮೌನೇಶ, ಅದೂ ಸಿಟ್ಟಿನಲ್ಲಿ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕಂಪಾಸು ಪೆಟ್ಟಿಗೆ ಇಡಲು ಶಿಕ್ಷಕರ ಕೋಣೆಗೆ ಬಂದವನಿಗೆ ಪರದೆಯ ಮೇಲೆ ತನ್ನ ನೆರಳು ಕಂಡಿತು. ಅಕ್ಕೋರು ಕೇಳಿದ್ದ ಸಮೀಕರಣದ ಸುಲಭ ಪ್ರಶ್ನೆಯೊಂದರ ಮುಂದೆ ಅದು ಕೆಮ್ಮುತ್ತ, ಕಣ್ಣು ಪಿಳಿಪಿಳಿ ಮಾಡುತ್ತ ಕೂತಿತ್ತು. ಕೈ ತೊಳೆದು ಬಂದ ಅಕ್ಕೋರು ಬಾಗಿಲಲ್ಲೇ ನಿಂತರು. ಒಳಗೆ ಮೌನೇಶ ತನ್ನ ನೆರಳನ್ನೇ ದಬಾಯಿಸುತ್ತಿದ್ದ.

‘ಏ, ನಾ ಅಷ್ಟ ದಡ್ಡ ಅದೀನೇನಲೇ? ನೋಡಿಲ್ಲೆ. ಎಕ್ಸಿನ ಆ ಕಡಿ ಒಯ್ದರ ಏನ ಆಕ್ಕೈತಿ? ಹಂಗ ಇರತೈತಿ.’

ನೆರಳು ಅದನ್ನೇ ಅವನದೇ ದನಿಯಲ್ಲಿ, ಅವನದೇ ಕೆಮ್ಮಿನ ಜೊತೆ ಒಪ್ಪಿಸಿತು: ಆ ಕಡೆ ಒಯ್ದರೆ ಹಾಗೇ ಇರುತ್ತದೆ. ಮುಂದಿನ ಲೆಕ್ಕವನ್ನೂ ಅದೇ ದಾರಿಯಲ್ಲಿ ಮಾಡಿ ಅಸಂಬದ್ಧ ಉತ್ತರ ತಂದಿತು. ಮೌನೇಶ ತಲೆ ಕೆರೆದುಕೊಂಡ. ತನ್ನ ಬಾಯಲ್ಲಿ ಇದ್ದಾಗ ಸರಿಯಾಗಿ ಕೇಳಿಸಿದ್ದು ಎದುರಿನವನ ಬಾಯಿಂದ ಬಂದಾಗ ಸೊಟ್ಟ ಕೇಳಿಸಿತು. ತಡಿ ತಡಿ, ಚಿಹ್ನೆ ಬದಲಾಗಬೇಕು, ನಾನೇ ತಪ್ಪು ಹೇಳಿದೆ ಎಂದ. ನೆರಳಿಗೆ. ಅಕ್ಕೋರಿಗಾದರೆ ಹತ್ತು ವರ್ಷ ಕಳೆದರೂ ಹೇಳುತ್ತಿರಲಿಲ್ಲ.

ಅಂದೇ ಅಕ್ಕೋರು ಧಾರವಾಡಕ್ಕೆ ಫೋನು ಮಾಡಿ, ಯಂತ್ರವನ್ನು ಉಲ್ಟಾ ನಿಲ್ಲಿಸಬೇಕು ಎಂದರು. ಶಿಕ್ಷಕರು ನೆರಳಿಗೆ ಪಾಠ ಮಾಡುವುದು ಬೇಡ, ಮಕ್ಕಳೇ ತಂತಮ್ಮ ನೆರಳಿಗೆ ಮಾಡಲಿ. ಮುಬೀನಾ ಮೊದಲು ಒಪ್ಪಲಿಲ್ಲ. ಇದನ್ನು ಕಟ್ಟಿದ್ದು ಶಿಕ್ಷಕರ ತಾಲೀಮಿಗೆ. ಮಗು ತಪ್ಪು ಹೇಳಿಕೊಟ್ಟರೆ ನೆರಳು ತಪ್ಪನ್ನೇ ಕಲಿಯುತ್ತದೆ. ಅಕ್ಕೋರು, ಅದೇ ಬೇಕಾದದ್ದು ತಾಯಿ ಎಂದರು. ಆಮೇಲೆ ಮುಬೀನಾ ನಿಧಾನವಾಗಿ ನಗತೊಡಗಿದಳು. ಮುಂದಿನ ವಾರ ತಾನೇ ಬಂದು ಕಂಪ್ಯೂಟರ್ ಕೋಣೆಯಲ್ಲಿ ಧೂಳು ತಿನ್ನುತ್ತಿದ್ದ ಪರದೆಗಳಿಗೆಲ್ಲ ನೆರಳುಗಳನ್ನು ಇಳಿಸಿದಳು. ಶಿಕ್ಷಕರ ಕೋಣೆಯ ಯಂತ್ರ ದಿನದ ಕೊನೆಗೆ, ಯಾವ ನೆರಳು ಎಲ್ಲಿ ಎಡವಿತು, ನಾಳೆ ಯಾವ ಮಾತನ್ನು ಮೊದಲು ಹೇಳಬೇಕು ಎಂದು ಅಕ್ಕೋರಿಗೆ ತೋರಿಸುತ್ತಿತ್ತು. ಈಗ ಅದರಲ್ಲಿ ನಿಜದ ಸರಕಿತ್ತು.

ಮೊದಮೊದಲು ಅಲ್ಲಿ ನಡೆದದ್ದು ಪಾಠವಲ್ಲ, ಸಂತೆ. ನಿನ್ನ ನೆರಳು ನಿನಗಿಂತ ಶಾಣ್ಯಾ ಐತಲೇ ಎಂದು ಒಬ್ಬ, ನಿಂದು ನಿನ್ನಂಗ ಉಗುರು ಕಡಿತೈತಿ ಎಂದು ಇನ್ನೊಬ್ಬಳು. ನಂತರ ಛಲ ಹತ್ತಿತು. ತನ್ನ ಹೆಸರು ಹೊತ್ತು, ತನ್ನ ದನಿಯಲ್ಲಿ ಪೆದ್ದುಪೆದ್ದಾಗಿ ಮಾತಾಡುವುದನ್ನು ನೋಡಿಕೊಂಡು ಸುಮ್ಮನಿರುವುದು ಯಾರಿಗೂ ಆಗಲಿಲ್ಲ. ರಝಿಯಾ ಎಂಬ ಹುಡುಗಿ ತನ್ನ ನೆರಳಿಗೆ ಭಿನ್ನರಾಶಿಯನ್ನು ರೊಟ್ಟಿ ಮುರಿದಂತೆ ಮುರಿದು ಹೇಳಿಕೊಟ್ಟಳು. ಎಷ್ಟೋ ಶಿಕ್ಷಕರ ತರಬೇತಿಯಲ್ಲಿ ಅಷ್ಟು ಚೊಕ್ಕ ಪಾಠ ಕೇಳಿರಲಿಲ್ಲವೆಂದು ಮುಬೀನಾ ಅದನ್ನು ಧಾರವಾಡದಲ್ಲಿ ಎಲ್ಲರಿಗೂ ಕೇಳಿಸಿದಳು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ತರಗತಿಯಲ್ಲಿ ಬಂತು. ತಿಳೀತೇನು ಎಂದು ಅಕ್ಕೋರು ಒಂದು ದಿನ ಕೇಳಿದಾಗ ‘ತಿಳೀತ್ರೀ’ ಎಂಬ ಅಲೆ ಎದ್ದು ಇಳಿಯುವ ಹೊತ್ತಿಗೆ ಹಿಂದಿನಿಂದ ಒಂದು ದನಿ ಬಂತು.

‘ಅಕ್ಕೋರ, ನನ್ನ ನೆರಳಿಗೆ ತಿಳಿದಿಲ್ರಿ.’

ಇನ್ನೊಂದು ಮೂಲೆಯಿಂದ, ತನ್ನದಕ್ಕೂ ತಿಳಿದಿಲ್ಲ ಎಂದು ಮತ್ತೊಂದು. ಹೇಳುವವರ ಮರ್ಯಾದೆಯೂ ಉಳಿಯಿತು, ಹೇಳಬೇಕಾದ್ದೂ ಹೊರಬಿತ್ತು. ಅಕ್ಕೋರು ಗಂಭೀರವಾಗಿ, ಪಾಪ ನೆರಳುಗಳಿಗಾಗಿ ಇನ್ನೊಮ್ಮೆ ಹೇಳುತ್ತೇನೆ ಎಂದು ಬೋರ್ಡಿನ ಕಡೆ ತಿರುಗಿದರು. ಅವರು ಮುಖ ತಿರುಗಿಸಿಕೊಂಡದ್ದೇಕೆಂದು ಮಕ್ಕಳಿಗೆ ತಿಳಿಯಲಿಲ್ಲ.

ಕಷ್ಟವಾದದ್ದು ಹುಲಿಗೆಮ್ಮನಿಗೆ. ಅವಳ ನೆರಳಿಗೆ ಎಲ್ಲ ಬರುತ್ತಿತ್ತು, ಆದರೆ ಅವಳು ಅದರ ಮುಂದೆ ಕೂತು ಸುಮ್ಮನೆ ಓಢಣಿಯ ಚುಂಗು ತಿರುವುತ್ತಿದ್ದಳು. ಒಂದು ಸಂಜೆ ಉಳಿದವರು ಹೋದ ಮೇಲೆ ಅಕ್ಕೋರು ಪಕ್ಕದಲ್ಲಿ ಕೂತು, ಏನಾಯಿತು ಎಂದು ಕೇಳಿದರು. ಒಂದನೇ ಇಯತ್ತೆಯಿಂದ ಹೀಗೇ ಎಂದಳು ಅವಳು. ತಾನು ಬಾಯಿ ಬಿಟ್ಟರೆ ಎಲ್ಲರೂ ಬಾಯಿ ಬಿಡುತ್ತಾರೆಂದು ಗೊತ್ತಿತ್ತಂತೆ.

‘ನಾ ತಪ್ಪ ಹೇಳಿದ್ರ ಎಲ್ಲಾರೂ ತಪ್ಪ ಹೇಳ್ತಾರ್ರಿ. ಬೈಸ್ಕೊಳ್ಳೂದು ಎಲ್ಲಾರೂ. ಅದಕ್ಕ ಖಾತ್ರಿ ಇದ್ರಷ್ಟ ಹೇಳ್ತಿದ್ದೆ, ಮೆಲ್ಲಕ.’ ಮತ್ತೆ ಸೇರಿಸಿದಳು: ‘ಈಗ ಯಾರೂ ನನ್ನ ಹಿಂದ ಬರವಲ್ಲರು. ಒಂದ ನಮೂನಿ ಹಗರ ಅನಸ್ತೈತಿ, ಒಂದ ನಮೂನಿ ಅಂಜಿಕಿ ಬರತೈತಿ.’

ಹತ್ತು ವರ್ಷ ಒಂದಿಡೀ ತರಗತಿಯನ್ನು ಗಂಟಲಲ್ಲಿ ಹೊತ್ತು ತಿರುಗಿದ ಹುಡುಗಿ. ಅಕ್ಕೋರು, ಖಾತ್ರಿ ಇಲ್ಲದಾಗಲೂ ಹೇಳಿ ನೋಡು, ಈಗ ಬೀಳುವವಳು ನೀನೊಬ್ಬಳೇ ಎಂದಷ್ಟೇ ಹೇಳಿ, ಅವಳನ್ನು ಮನೆಯವರೆಗೆ ಬಿಟ್ಟು ಬಂದರು.

ಸಂಕ್ರಾಂತಿ ಕಳೆದು ಎಳ್ಳುಬೆಲ್ಲ ಖಾಲಿಯಾಗುವ ಮೊದಲೇ ಸಮಿತಿ ಬಂತು. ಮುಖ್ಯಸ್ಥರು ಚಿಕ್ಕಲಿಂಗಯ್ಯ ಎಂಬ ಮೈಸೂರು ಕಡೆಯ ಸಾಹೇಬರು. ಮಾತು ಬೆಣ್ಣೆ, ನೋಟ ಬೆಣ್ಣೆ ಕಡೆಯುವ ಕೋಲು. ಒಳಗೆ ಬಂದವರೇ ಗೋಡೆಯ ಕಿವಿ ಕಣ್ಣುಗಳನ್ನು ನೋಡಿ, ಅದನ್ನೆಲ್ಲ ಆರಿಸಿಬಿಡಿ, ನಾನು ಮಕ್ಕಳನ್ನು ನೋಡಲು ಬಂದಿದ್ದೇನೆ ಎಂದರು. ಧಾರವಾಡದಿಂದ ಬಂದಿದ್ದ ಮುಬೀನಾ ಹಿಂದಿನ ಬೆಂಚಿನಲ್ಲಿ ಬರಿಗೈಯಲ್ಲಿ ಕೂತಳು. ಅಕ್ಕೋರು ಕಿಟಕಿಯ ಪಕ್ಕ ನಿಂತರು. ಹೆಡ್‌ಮಾಸ್ತರ ಅಯ್ಯನಗೌಡರು ಬಾಗಿಲಲ್ಲಿ ನಿಂತು, ಬಾಯಲ್ಲಿ ಏನೂ ಇಲ್ಲದಿದ್ದರೂ ಅಗಿಯುತ್ತಿದ್ದರು.

ಸಾಹೇಬರು ಸೀಮೆಸುಣ್ಣ ಎತ್ತಿಕೊಂಡರು.

‘ಏನ್ರಪ್ಪಾ, ಒಂದು ಬಸ್ಸು ಈ ಊರಿಂದ ಪ್ಯಾಟೆಗೆ ಗಂಟೆಗೆ ಮೂವತ್ತು ಕಿಲೋಮೀಟ್ರಲ್ಲಿ ಹೋಯ್ತದೆ. ಅದೇ ದಾರೀಲಿ ಅರವತ್ತರಲ್ಲಿ ವಾಪಸ್ ಬತ್ತದೆ. ಹೋಗಿ ಬರೋದಕ್ಕೆ ಒಟ್ಟು ಸರಾಸರಿ ವೇಗ ಎಷ್ಟಾಯ್ತು?’

ಮೂರನೆಯ ಸಾಲಿನ ಗೋಡೆಯಂಚಿನಿಂದ ಉತ್ತರ ಬಂತು, ಈ ಸಲ ತುಟಿಯಂಚಿನಲ್ಲಲ್ಲ, ಗಟ್ಟಿಯಾಗಿ. ‘ನಲವತ್ತೈದು ರೀ.’

ಮೂವತ್ತಕ್ಕೆ ಅರವತ್ತು ಕೂಡಿಸಿ ಅರ್ಧ ಮಾಡಿದ್ದಳು ಹುಲಿಗೆಮ್ಮ. ಎಲ್ಲರೂ ಬೀಳುವ ಹಳ್ಳ. ಸಾಹೇಬರ ಮುಖದಲ್ಲಿ ಏನೂ ಕಾಣಲಿಲ್ಲ. ಈಗ ಅಲೆ ಏಳುತ್ತದೆ, ಪಕ್ಕದವಳು, ಮುಂದಿನ ಸಾಲು, ಇಡೀ ಕೋಣೆ, ನಲವತ್ತೈದ್ರೀ ಎಂದು ಹೆಂಚು ಹಾರುತ್ತದೆ, ಇಯತ್ತೆಯೂ ಜೊತೆಗೇ ಹಾರುತ್ತದೆ. ಅಕ್ಕೋರು ಕಿಟಕಿಯ ಸರಳು ಹಿಡಿದುಕೊಂಡರು.

ಅಲೆ ಏಳಲಿಲ್ಲ.

ಮೂವತ್ತೇಳು ಮಕ್ಕಳು ಬಾಯಿ ಮುಚ್ಚಿಕೊಂಡು ಕೂತಿದ್ದರು. ಕೆಲವರು ಬೆರಳಿನಿಂದ ಬೆಂಚಿನ ಮೇಲೆ ಏನೋ ಗೀಚುತ್ತಿದ್ದರು. ಮೌನೇಶ ಕೆಮ್ಮಿದ.

‘ಅಂದ್ರ... ಸರ್, ನನಗ ಹಂಗ ಅನಸವಲ್ಲದು. ನಿಧಾನ ಹೋಗೂವಾಗ ಬಸ್ಸಿನ್ಯಾಗ ಜಾಸ್ತಿ ಹೊತ್ತ ಕುಂದರತೀವಿ. ಹಂಗಾಗಿ ನಲವತ್ತೈದಕ್ಕಿಂತ ಕಡಿಮಿ ಆಗಬೇಕ್ರಿ. ಎಷ್ಟ ಅಂತ ಗೊತ್ತಿಲ್ಲ.’

ಗೊತ್ತಿಲ್ಲ ಎಂದನಲ್ಲ, ಸಾಹೇಬರ ಮುಂದೆ, ನೆರಳಿನ ಹೆಸರು ಹೇಳದೆ ಎಂದು ಅಕ್ಕೋರಿಗೆ ಹೊಳೆಯುವಷ್ಟರಲ್ಲಿ ಪಟ್ಟಣಶೆಟ್ಟಿ ಹುಡುಗ ಎದ್ದು, ದೂರ ಎಷ್ಟೆಂದು ಕೊಟ್ಟಿಲ್ಲವಾದ್ದರಿಂದ ಲೆಕ್ಕವೇ ತಪ್ಪು ಎಂದು ವಾದ ಹೂಡಿದ. ರಝಿಯಾ, ದೂರ ಎಷ್ಟಾದರೂ ಆಗಲಿ, ಅರವತ್ತು ಕಿಲೋಮೀಟರು ಎಂದುಕೋ ಎಂದಳು. ಇನ್ನೊಬ್ಬ ತೊಂಬತ್ತು ಎಂದುಕೊಂಡ. ಬೆಂಚಿನಿಂದ ಬೆಂಚಿಗೆ ಜಗಳ ಹತ್ತಿತು. ಸಾಹೇಬರ ಕಡೆ ಯಾರೂ ನೋಡುತ್ತಿರಲಿಲ್ಲ. ಮುಬೀನಾ ಆರಿಸಿಟ್ಟ ಯಂತ್ರದ ಕಡೆ ಒಮ್ಮೆ ನೋಡಿ, ಕಿವಿ ತುಂಬ ತಾನೇ ಕೇಳಿಸಿಕೊಳ್ಳತೊಡಗಿದಳು. ಗದ್ದಲದ ನಡುವೆ ಹುಲಿಗೆಮ್ಮ ಎದ್ದು ನಿಂತಿದ್ದಳು. ಅವಳ ಮುಖ ಕೆಂಪೇರಿತ್ತು; ಅಳುತ್ತಾಳೇನೋ ಎಂದುಕೊಂಡರು ಅಕ್ಕೋರು.

‘ಸರ್, ನಾ ಹೇಳಿದ್ದು ತಪ್ಪೈತ್ರಿ,’ ಎಂದಳು. ‘ಹೋಗಾಕ ಎರಡ ತಾಸ, ಬರಾಕ ಒಂದ. ಮೂರ ತಾಸಿನ್ಯಾಗ ನೂರಾ ಇಪ್ಪತ್ತ ಕಿಲೋಮೀಟರ. ನಲವತ್ತ ಬರತೈತಿ.’

ತೊಂಬತ್ತು ಎಂದುಕೊಂಡಿದ್ದವನು ತನ್ನ ಗೀಚನ್ನು ನೋಡಿ, ನನಗೂ ಅಷ್ಟೇ ಬಂತು ಎಂದ. ಪಟ್ಟಣಶೆಟ್ಟಿ ಹುಡುಗನಿಗೆ ಇನ್ನೂ ಸಮಾಧಾನವಿರಲಿಲ್ಲ. ಒಬ್ಬನೇ ಲೆಕ್ಕ ಮಾಡುತ್ತಲೇ ಇದ್ದ.

ಚಿಕ್ಕಲಿಂಗಯ್ಯನವರು ಸೀಮೆಸುಣ್ಣವನ್ನು ಬೆರಳುಗಳ ನಡುವೆ ಉರುಳಿಸಿದರು. ಜಿಲ್ಲೆಯಲ್ಲಿ ಎಷ್ಟೋ ಶಾಲೆಗಳಲ್ಲಿ ಈ ಲೆಕ್ಕ ಕೇಳಿದ್ದೇನೆ, ಎಲ್ಲ ಕಡೆಯೂ ಒಂದೇ ದನಿಯಲ್ಲಿ ಉತ್ತರ ಬಂದಿದೆ ಎಂದು ಅಕ್ಕೋರ ಕಡೆ ತಿರುಗಿ ಹೇಳಿದರು. ಆ ಉತ್ತರ ಸರಿಯೋ ತಪ್ಪೋ ಎಂದು ಹೇಳಲಿಲ್ಲ. ಇನ್ನು ಕೇಳುವುದಿಲ್ಲ, ನಿಮಗೆ ನನ್ನಲ್ಲಿ ಕೇಳುವುದೇನಾದರೂ ಇದ್ದರೆ ಕೇಳಿ ಎಂದು ಮಕ್ಕಳಿಗೆ ಹೇಳಿ ಕೈಯ ಸುಣ್ಣ ಒರೆಸಿಕೊಂಡರು. ಹುಲಿಗೆಮ್ಮ ಇನ್ನೂ ಕೂತಿರಲಿಲ್ಲ.

‘ಸರ್, ಬಸ್ ಹೋಗೂದ ಬ್ಯಾಡ ಅಂದ್ರ ಸರಾಸರಿ ಎಷ್ಟ ಆಕ್ಕೈತ್ರಿ?’

ಸಾಹೇಬರು ನಕ್ಕರು. ‘ಸೊನ್ನೆ ಕಣಮ್ಮ.’

‘ಹಂಗಾರ ನಮಗ ಸೊನ್ನೇನ ಸಾಕ್ರಿ ಸರ್,’ ಎಂದು ಅವಳು ಕೂತಳು.

ಸಾಹೇಬರು ನಗು ನಿಲ್ಲಿಸಿದರು. ಹುಡುಗಿಯರ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ಸೀಮೆಸುಣ್ಣವನ್ನು ಅಕ್ಕೋರ ಕೈಗೆ ಕೊಟ್ಟು, ನಿಮ್ಮ ಪಾಠ ನಡೆಸಿ ಅಮ್ಮಾ, ಬರುವ ವರ್ಷದ ಹತ್ತನೇ ತರಗತಿಗೂ ಇದೇ ಕೋಣೆ ಇಟ್ಟುಕೊಳ್ಳಿ ಎಂದು ಹೇಳಿ, ಬಾಗಿಲಲ್ಲಿದ್ದ ಅಯ್ಯನಗೌಡರನ್ನು ಜೊತೆಗೆ ಕರೆದುಕೊಂಡು ಹೊರಗೆ ನಡೆದರು.